ಮೆಕ್ಸಿಕೋಕ್ಕೆ ತಿರುಗಿ ಕೊಡಬೇಕಾದ ಡಬ್ಬಿ

ಮೆಕ್ಸಿಕೋ ದೇಶದ ಒಂದು ಹಳೇ ಊರಿನ ರಾಜರು ನನ್ನನ್ನು ಕರೆಸಿಕೊಳ್ಳಲಿಕ್ಕೆ ಎರಡು ಸಲ ಬಸ್ಸು ಕಳಿಸಿದ್ದರು. ಸುಳ್ಳು. ಆ ಊರಲ್ಲಿ ರಾಜರೇ ಇಲ್ಲ. ಇದ್ದಿದ್ದರೂ ನನಗೆ ಬಸ್ಸು ಕಳಿಸುವಷ್ಟು ಕೆಲಸವಿಲ್ಲದವರಾಗಿ ಕೂತಿರುತ್ತಿರಲಿಲ್ಲ. ಬಸ್ಸು ನಾನೇ ಓಡಿ ಹಿಡಿದದ್ದು. ಆದರೆ ಎರಡು ಸಲ ಹೋದದ್ದು ಮಾತ್ರ ಖರೆ. ವಾಡಿಯ ಯಾವ ಚಾದಂಗಡಿಯಲ್ಲಾದರೂ ಕೇಳಿ, “ಹೋಗಿದ್ದೆ ಅಂತ ಅವನೇ ಹೇಳ್ಯಾನ” ಅಂತ ಎಲ್ಲರೂ ಸಾಕ್ಷಿ ಹೇಳುತ್ತಾರೆ.

ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಅಂತ ನನ್ನ ಹೆಂಡತಿ ಕೇಳುತ್ತಾಳೆ. ನಾನೂ ಕೇಳಿಕೊಳ್ಳುತ್ತೇನೆ. ಮಂದಿ ಸೇಡಂ ಸಂತೆಗೆ ಹೋದರೆ ಬದನೆಕಾಯಿ ತರುತ್ತಾರೆ. ನಾನು ಹೋದರೆ ಯಾರದೋ ಚೀಲ ತರುತ್ತೇನೆ, ನನ್ನ ಚೀಲ ಚಿತ್ತಾಪುರದ ಯಾರದೋ ಅಡಿಗೆಮನೆ ಸೇರಿರುತ್ತದೆ. ಹಿಂಗಿದ್ದವನು ಸಮುದ್ರ ದಾಟಿದರೆ ಗತಿ ಏನಾಗಬೇಕು, ನೀವೇ ಹೇಳಿ.

ನನ್ನ ಕೆಲಸ ಏನಂತ ಹೇಳಿಬಿಡುತ್ತೇನೆ, ಇಲ್ಲವಾದರೆ ಕಟ್ಟುಕಥೆ ಅನ್ನುತ್ತೀರಿ. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಉದ್ದನೆಯ ತಿರುಗುವ ಭಟ್ಟಿ ಇರುತ್ತದಲ್ಲ, ಅದರ ಹೊಟ್ಟೆಯೊಳಗೆ ಹೊಕ್ಕು ಬೆಂಕಿ ತಡೆಯುವ ಇಟ್ಟಂಗಿ ಕೂಡಿಸುವ ಮಿಸ್ತ್ರಿ ನಾನು. ಮೆಕ್ಸಿಕೋದಲ್ಲೂ ಸಿಮೆಂಟು, ಅಲ್ಲೂ ಭಟ್ಟಿ. ಹೊಸ ನಮೂನೆಯ ಇಟ್ಟಂಗಿ ಹ್ಯಾಗೆ ಕೂಡಿಸುತ್ತಾರೆ ನೋಡಿಕೊಂಡು ಬರ್ರಿ ಅಂತ ಕಂಪನಿಯವರು ನನ್ನನ್ನೂ ಒಬ್ಬ ವೈರ್‌ಮನ್‌ನನ್ನೂ ಕಳಿಸಿದರು. ವೈರ್‌ಮನ್ ಚಿಂಚೋಳಿ ಕಡೆ ಕೊಡ್ಲಿಯವ, ನನಗಿಂತ ಸಣ್ಣವ. ನನ್ನನ್ನು ಉಸ್ತಾದ್ ಅಂತಾನೆ, ನಾನು ಹೇಳಿದ್ದನ್ನೆಲ್ಲ ನಂಬುತ್ತಾನೆ. ಅಂಥವನು ಸಂಗಡ ಇದ್ದರೆ ನನ್ನಂಥವನಿಗೆ ಬೇರೆ ಸಿನೆಮಾ ಬೇಕಿಲ್ಲ.

ಊಟದ ಹೊತ್ತಿನಲ್ಲಿ ನಾನು ಈ ಚಾದಂಗಡಿಯಲ್ಲಿ ಯಾಕೆ ಕೂತಿದ್ದೇನೆ ಅಂತ ಈಗಲೇ ಕೇಳಬೇಡಿ. ಅದೂ ಬರುತ್ತದೆ.

ಟವೆಲ್

ಮೊದಲನೇ ಸಲ ಹೋದಾಗ ಒಂದು ರವಿವಾರ ರಜೆ ಸಿಕ್ಕಿತು. ಬಸ್ಸಿಗೆ ಎರಡು ತಾಸು ಹೋದರೆ ಗ್ವಾನಹ್ವಾತೊ ಅಂತ ಹಳೇ ಊರಿದೆ, ಒಂದು ಕಾಲಕ್ಕೆ ಬೆಳ್ಳಿ ಅಗೆದ ಊರು, ನೋಡಿ ಬನ್ನಿ ಅಂದರು. ಆ ಹೆಸರಿನ ವಿಶೇಷ ಏನಂದರೆ, ಹಲ್ಲಿದ್ದವರೂ ಹಲ್ಲಿಲ್ಲದವರೂ ಅದನ್ನು ಒಂದೇ ಥರ ಅನ್ನುತ್ತಾರೆ.

ಬಸ್ಸು ಬಂದು ನಿಂತಿತೋ ಇಲ್ಲವೋ, ಸೇಡಂ ಬಸ್ ಸ್ಟ್ಯಾಂಡಿನ ಅಭ್ಯಾಸ ನನ್ನ ಕಾಲಿಗೆ ಇಳಿಯಿತು. ನಮ್ಮಲ್ಲಿ ಬಾಗಿಲಿಗೆ ನೂಕಾಡುವವನು ದಡ್ಡ. ಜಾಣನಾದವನು ಕಿಟಕಿಯಿಂದ ಟವೆಲ್ ಒಗೆಯುತ್ತಾನೆ. ಟವೆಲ್ ಬಿದ್ದ ಸೀಟು ಅವನದು, ಅದಕ್ಕೆ ತಹಶೀಲ್ದಾರರೂ ತಕರಾರು ಮಾಡುವುದಿಲ್ಲ. ಆದರೆ ಈ ಬಸ್ಸಿನ ಕಿಟಕಿಗಳೆಲ್ಲ ಬಿಗಿದ ಗಾಜು, ಒಂದೂ ತೆರೆಯುವಂಥದ್ದಲ್ಲ. ಒಂದು ಸುತ್ತು ಓಡಿದೆ. ಎರಡನೇ ಸುತ್ತಿಗೆ ಮುಂದೆ ಒಂದು ಕಿಟಕಿ ತೆರೆದದ್ದು ಕಂಡಿತು. ಗುರಿಯಿಟ್ಟು ಒಗೆದೆ.

ಒಳಗೆ ಹೋದರೆ ಸೀಟುಗಳಿಗೆಲ್ಲ ನಂಬರು. ನೂಕುವವರು ಯಾರೂ ಇಲ್ಲ, ಹತ್ತುವಾಗ ಕೈಗೊಂದು ಬಿಸ್ಕೀಟಿನ ಪುಡಿಕೆ ಬೇರೆ. ನನ್ನ ಟವೆಲ್ ಸ್ಟೇರಿಂಗಿನ ಮೇಲೆ ನೇತಾಡುತ್ತಿತ್ತು.

ಡ್ರೈವರ್ ಬಂದ. ಟವೆಲ್ ನೋಡಿದ, ಆಮೇಲೆ ಬಸ್ಸಿನ ಮಂದಿಯನ್ನು ನೋಡಿದ. ಮಂದಿ ಅವನನ್ನು ನೋಡಿದರು. ನಾನು ಬಿಸ್ಕೀಟು ನೋಡಿದೆ.

ವೈರ್‌ಮನ್ ನನ್ನ ಕಿವಿಯ ಹತ್ತಿರ ಬಂದು ಅಂದ, “ಉಸ್ತಾದ್, ನಮ್ಮ ರೂಲ್ ಪ್ರಕಾರ ಗಾಡಿ ಈಗ ನೀವೇ ಹೊಡೀಬೇಕು.”

ಬೇಲಿ

ಗ್ವಾನಹ್ವಾತೊ ಗುಡ್ಡದ ಮೇಲಿನ ಊರು. ಮನೆಗಳಿಗೆಲ್ಲ ಹಳದಿ, ಗುಲಾಬಿ, ನೀಲಿ ಬಣ್ಣ. ಓಣಿಗಳು ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ದಪ್ಪಗಿದ್ದವರು ಬಂದರೆ ಇಬ್ಬರಲ್ಲಿ ಒಬ್ಬರು ಸಂಜೆ ಬರಬೇಕು. ತಿರುಗಿ ತಿರುಗಿ ಹಸಿವಾಯಿತು. ನಾನು ಮಾಂಸ ಮುಟ್ಟುವವನಲ್ಲ, ವೈರ್‌ಮನ್ ಹಲಾಲ್ ಇಲ್ಲದೆ ಮುಟ್ಟುವವನಲ್ಲ. ಹಂಗಾಗಿ ಇಬ್ಬರೂ ಪರದೇಶಕ್ಕೆ ಹೋದಮೇಲೆ ಒಂದೇ ಜಾತಿಯವರಾಗಿದ್ದೆವು, ಕಾಯಿಪಲ್ಯದವರು.

ಒಂದು ಹಳದಿ ಮನೆಯ ಮುಂದೆ ಅಜ್ಜಿಯೊಬ್ಬಳು ಒಲೆ ಹೂಡಿಕೊಂಡು ಕೂತಿದ್ದಳು. ಬಾಗಿಲಲ್ಲಿ ನಾಯಿ ಮಲಗಿತ್ತು. ಕೋಳಿ ಬೇಡ, ಹಂದಿ ಬೇಡ, ದನ ಬೇಡ ಅಂತ ವೈರ್‌ಮನ್ ಒಂದೊಂದು ಪ್ರಾಣಿಯ ಸದ್ದು ಮಾಡಿ ಕೈ ಅಲ್ಲಾಡಿಸಿದ. ಅಜ್ಜಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು, ನಾಯಿ ಎದ್ದು ಒಳಗೆ ಹೋಯಿತು. ಆಮೇಲೆ ಆಕೆ ಕೊಟ್ಟದ್ದು ಏನು ಅಂತೀರಿ? ಮೆಕ್ಕೆಜೋಳದ ಖಡಕ್ ರೊಟ್ಟಿ, ಕಾಳಿನ ಪಲ್ಯ, ಹಸಿರು ಚಟ್ನಿ, ಜೊತೆಗೆ ಉದ್ದುದ್ದ ಹೆಚ್ಚಿದ ಹಸಿರು ಪಲ್ಯ ಒಂದು.

“ಇದು ಏನ್ ಉಸ್ತಾದ್?”

“ಇಲ್ಲಿ ಹೀರೇಕಾಯಿ.” ನನಗೆ ಗೊತ್ತಿತ್ತು, ಅದು ಪಾಪಾಸುಕಳ್ಳಿ. ಅಜ್ಜಿ ಮನೆಯ ಹಿಂದೆ ಮುಳ್ಳು ಹೆರೆಯುವುದನ್ನು ನೋಡಿದ್ದೆ.

ಎರಡು ಸಲ ಹಾಕಿಸಿಕೊಂಡು ತಿಂದ. ಕೈ ತೊಳೆಯಲಿಕ್ಕೆ ಹಿಂದೆ ಹೋದವನು ಹೆರೆದು ಬಿದ್ದ ಮುಳ್ಳು ನೋಡಿ ತಿರುಗಿ ಬಂದ. ಕೊಡ್ಲಿಯಲ್ಲಿ ಅವನ ಹೊಲಕ್ಕೆ ಸುತ್ತಲೂ ಇರುವ ಬೇಲಿ ಅದೇ.

“ಬೇಲಿ ಎದ್ದು ಹೊಲ ಮೇಯ್ತು ಅಂತ ನಮ್ಮಪ್ಪ ಹೇಳ್ತಿದ್ದ,” ಅಂದ. “ಹೊಲದವನೇ ಬೇಲಿ ಮೇದದ್ದು ನಮ್ಮ ವಂಶದಾಗ ನಾನೇ ಮೊದಲು.”

ನೀಲಿ ಡಬ್ಬಿ

ಹೊರಡುವಾಗ ಅಜ್ಜಿ ದಾರಿಗೆ ಇರಲಿ ಅಂತ ಒಂದು ಡಬ್ಬಿ ತುಂಬ ರೊಟ್ಟಿ, ಪಲ್ಯ ಹಾಕಿ ತಂದಳು. ನೀಲಿ ಬಣ್ಣದ, ಬಿಳಿ ಚುಕ್ಕಿಯ, ಮುಚ್ಚಳದ ಅಂಚಿಗೆ ಬಣ್ಣ ಎದ್ದಿರುವ ತಗಡಿನ ಡಬ್ಬಿ. ಬೇಡ ಅಂದೆ. ಕೈ ಮುಗಿದೆ. ಹೊಟ್ಟೆ ತಟ್ಟಿ ತೋರಿಸಿದೆ. ಅಜ್ಜಿಯಂದಿರಿಗೆ ಬೇಡ ಅನ್ನುವ ಮಾತು ಯಾವ ದೇಶದಲ್ಲೂ ತಿಳಿಯುವುದಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಮರುದಿನ ವಿಮಾನ. ಡಬ್ಬಿ ನನ್ನ ಜೊತೆ ಸೇಡಂಗೆ ಬಂತು.

ಹೆಂಡತಿ ಚೀಲ ಬಿಚ್ಚಿದಳು. ಆಕೆಗಂತ ತಂದ ಶಾಲನ್ನು ನೋಡಲೇ ಇಲ್ಲ.

“ಇದು ಯಾರ ಡಬ್ಬಿ?”

“ಅಲ್ಲಿ ಒಬ್ಬಾಕಿ ಅಜ್ಜೀದು.”

“ತುಂಬಿ ಕೊಟ್ಟಿದ್ಲೇನು?”

“ಹೌದು, ತುಂಬಿ ಕೊಟ್ಟಿದ್ಲು.”

“ಮತ್ತ ನೀವು ತಿಂದು ಡಬ್ಬಿ ತಗೊಂಡು ಬಂದೀರಿ?”

ನಮ್ಮ ಓಣಿಯ ಪದ್ಧತಿ ನಿಮಗೂ ಗೊತ್ತಿರಬೇಕು. ಪಕ್ಕದ ಮನೆಯಿಂದ ಪಲ್ಯ ಬಂದ ಡಬ್ಬಿಯನ್ನು ತಿರುಗಿ ಕೊಡಬೇಕು, ಬರಿದು ಕೊಡಬಾರದು. ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ನನ್ನ ಹೆಂಡತಿ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. ಡಬ್ಬಿ ತೊಳೆದು ಅಟ್ಟದ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಆಮೇಲೆ ತೀರ್ಪು ಕೊಟ್ಟಳು.

“ಮಂದಿ ಡಬ್ಬಿ ತುಂಬಿ ಹೋಗೂತನ ನಿಮ್ಮ ಡಬ್ಬಿ ತುಂಬಂಗಿಲ್ಲ.”

ನನ್ನ ಡಬ್ಬಿ ಅಂದರೆ ಕಾರ್ಖಾನೆಗೆ ಒಯ್ಯುವ ಮಧ್ಯಾಹ್ನದ ಡಬ್ಬಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾನು ಮುಚ್ಚಳ ತೆಗೆದರೆ ಭಟ್ಟಿಯ ಆಚೆ ಕಡೆಯಿಂದ ಮಂದಿ ಎದ್ದು ಬರುತ್ತಿದ್ದರು. ಅವತ್ತಿನಿಂದ ಕ್ಯಾಂಟೀನು. ಕ್ಯಾಂಟೀನಿನ ಸಾರಿನೊಳಗೆ ನಾನು ನನ್ನ ಮುಖ ನೋಡಿಕೊಂಡು ತಲೆ ಬಾಚಿದ್ದೇನೆ, ಅಷ್ಟು ತಿಳಿ. ಇದೊಂದು ಮಾತು ಪೂರ್ತಿ ಸುಳ್ಳಲ್ಲ.

ಕೊಡ್ಲಿಗೆ ಹೋದ ಡಬ್ಬಿ

ಒಂದು ಉಪಾಯ ಹೂಡಿದೆ. ಡಬ್ಬಿಯನ್ನು ಹೆಂಡತಿಗೆ ಕಾಣದಂತೆ ಎತ್ತಿ ವೈರ್‌ಮನ್ ಕೈಗೆ ಕೊಟ್ಟು, “ನಿಮ್ಮ ಮನ್ಯಾಗ ಇಟ್ಕೋ, ಯಾರಿಗೂ ಹೇಳಬ್ಯಾಡ” ಅಂದೆ. ಮನೆಗೆ ಬಂದು, ಮೆಕ್ಸಿಕೋಕ್ಕೆ ಪಾರ್ಸಲ್ ಮಾಡಿಬಿಟ್ಟೆ ಅಂದೆ.

“ಏನ್ ತುಂಬಿ ಕಳಿಸೀರಿ?”

“ಖಾರಾ, ಬೂಂದಿ.”

ನಂಬಿದಳು. ಮರುದಿನ ಬೆಳಗ್ಗೆ ನನ್ನ ಡಬ್ಬಿಯಲ್ಲಿ ರೊಟ್ಟಿ ಬಿತ್ತು. ಮಧ್ಯಾಹ್ನ ಎಣ್ಣೆಗಾಯಿ ತಿನ್ನುವಾಗ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಅದೇ ಹೊತ್ತಿಗೆ ಕೊಡ್ಲಿಯಲ್ಲಿ ವೈರ್‌ಮನ್‌ನ ತಾಯಿ, ಉಸ್ತಾದರ ಮನೆಯಿಂದ ಬಂದ ಡಬ್ಬಿ ಬರಿದು ಹೋಗಬಾರದು ಅಂತ ಅದರ ತುಂಬ ಹಪ್ಪಳ ಹಾಕಿ, ಬಟ್ಟೆ ಕಟ್ಟಿ, ಚಿಂಚೋಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಿದ್ದಳು. ಸಂಜೆ ಮನೆಗೆ ಹೋದರೆ ನೀಲಿ ಡಬ್ಬಿ ಕಟ್ಟೆಯ ಮೇಲೆ ಕೂತಿತ್ತು. ಪಕ್ಕದಲ್ಲಿ ಹೆಂಡತಿ.

“ಭಾಳ ಜಲ್ದಿ ಬಂತಲ್ರಿ,” ಅಂದಳು, “ಮೆಕ್ಸಿಕೋದವರು ಹಪ್ಪಳ ಚಲೋ ಮಾಡ್ತಾರ.”

ಎಕ್ಸ್‌ಪ್ರೆಸ್

ಡಬ್ಬಿಯ ಸುದ್ದಿ ಊರೆಲ್ಲ ಆಯಿತು. ಒಂದು ದಿನ ಚಿತ್ತಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ನಮ್ಮ ಸೇಡಂ ಕಡೆಯ ಮುಧೋಳದ ಮುದುಕ ಕೇಳಿದ, “ಬಸ್ನ್ಯಾಗ ಮೆಕ್ಸಿಕೋಕ್ಕ ಹೋಗಿ ಬಂದವರು ನೀವೇ ಏನ್ರಿ?”

“ನಾನೇ ರಿ.” ತಿದ್ದಬಹುದಿತ್ತು. ತಿದ್ದಿದರೆ ಆ ದಿನ ವ್ಯರ್ಥವಾಗುತ್ತಿತ್ತು.

“ಯಾವ ಕಡಿಂದ ಹೋಗ್ತದ? ಹೈದರಾಬಾದ್ ಮ್ಯಾಲಿಂದೋ, ಕಲಬುರಗಿ ಮ್ಯಾಲಿಂದೋ?”

“ಕಲಬುರಗಿ ಮ್ಯಾಲಿಂದ.”

“ನಡುವ ಚಾಕ್ಕ ನಿಲ್ಲಿಸ್ತಾರೇನು?”

“ಸಮುದ್ರದ ದಂಡಿಗಿ ನಿಲ್ಲಿಸ್ತಾರ.”

ಮುದುಕ ಬೆರಳ ಮೇಲೆ ದಾರಿಯ ಊರುಗಳನ್ನು ಎಣಿಸಿದ. ಅವನ ಮಗಳನ್ನು ಮಳಖೇಡಕ್ಕೆ ಕೊಟ್ಟಿದ್ದರು. ಮಳಖೇಡ ಅಂದರೆ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ, ದಂಡು ದೌಲತ್ತು ಎಲ್ಲ ನಿಂತು ಹೋಗುತ್ತಿದ್ದ ಜಾಗ.

“ಅಷ್ಟು ದೂರ ಹೋಗೂದಂದ್ರ ಎಕ್ಸ್‌ಪ್ರೆಸ್ಸೇ ಇರಬೇಕು,” ಅಂದ ಕಡೆಗೆ, ಬೇಜಾರಿನಿಂದ. “ಮಳಖೇಡದಾಗ ನಿಲ್ಲಂಗಿಲ್ಲ ಬಿಡ್ರಿ.”

ಅಲ್ಲಿ ಚಾ ಇಲ್ಲ

ಹಿಂಗೇ ಎರಡು ವರ್ಷ ಸಾರು ಕುಡಿದಮೇಲೆ ಕಂಪನಿಯವರು ಮತ್ತೆ ಇಬ್ಬರನ್ನು ಕಳಿಸುತ್ತೇವೆ ಅಂದರು. ವೈರ್‌ಮನ್ ಪಕ್ಕಾ. ಮಿಸ್ತ್ರಿ ಯಾರು ಅನ್ನುವುದಕ್ಕೆ ನಾನೂ ಇದ್ದೆ, ಶಹಾಬಾದಿನ ಇನ್ನೊಬ್ಬ ಮಿಸ್ತ್ರಿಯೂ ಇದ್ದ. ಅವನ ಕೈ ನನ್ನ ಕೈಗಿಂತ ಸಾಫು, ಹೆಸರು ಅವನದೇ ಮುಂದೆ ಇತ್ತು. ನನ್ನ ರೊಟ್ಟಿಯ ಗತಿ ಅವನ ಕೈಯಲ್ಲಿತ್ತು.

ಒಂದು ದಿನ ಅವನು ಚಾ ಕುಡಿಯುವಾಗ ಪಕ್ಕಕ್ಕೆ ಕೂತೆ. “ಹೋಗು ತಮ್ಮಾ, ಚಲೋ ಆಗ್ತದ. ಆದ್ರ ಅಲ್ಲಿ ಚಾ ಸಿಗಂಗಿಲ್ಲ.”

“ಚಾ ಸಿಗಂಗಿಲ್ಲಾ?”

“ಕಾಫಿ ಅದ. ಇಲ್ಲಂದ್ರ ಹೂವಿನ ಕಷಾಯ ಅದ.”

ಮರುದಿನ ಹೋಗಿ ಹೆಸರು ತೆಗೆಸಿಬಿಟ್ಟ. ಅವನಿಗೆ ನಾನು ಜನ್ಮದಲ್ಲಿ ನೂರು ಸುಳ್ಳು ಹೇಳಿದ್ದೇನೆ, ಒಂದನ್ನೂ ನಂಬಿದವನಲ್ಲ. ಈ ಒಂದು ಖರೆ ಹೇಳಿದೆ, ಓಡಿಹೋದ.

ಎರಡನೇ ಸಲ

ಹೆಂಡತಿ ನೀಲಿ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಮಾಡಿ ಹಾಕಿದಳು. ನನಗೆ ಒಂದೂ ಕೊಡಲಿಲ್ಲ. “ಇದನ್ನ ಆಕಿ ಕೈಯಾಗ ಕೊಟ್ಟು ಬರ್ರಿ. ಬಂದ ದಿನಾ ನಿಮ್ಮ ಡಬ್ಬಿ ಕಟ್ತೀನಿ,” ಅಂದಳು. ಮೆಕ್ಸಿಕೋದ ವಿಮಾನ ನಿಲ್ದಾಣದ ಸಾಹೇಬ ಮುಚ್ಚಳ ತೆಗೆದು ಮೂಸಿದ. ಅವರಲ್ಲೂ ಶೇಂಗಾದ ಮಿಠಾಯಿ ಇದೆಯಂತೆ. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿ ಬಿಟ್ಟುಬಿಟ್ಟ.

ರವಿವಾರ ಬಂತು, ಬಸ್ಸು ಬಂತು. ಇಲ್ಲಿ, ಅದೇ ಡ್ರೈವರ್ ಇದ್ದ, ಅವನ ಕೊರಳಲ್ಲಿ ನನ್ನ ಟವೆಲ್ ಇತ್ತು ಅಂದರೆ ಕಥೆಗೆ ಕಳೆ ಬರುತ್ತಿತ್ತು. ಇರಲಿಲ್ಲ. ಬೇರೆ ಡ್ರೈವರ್. ನನ್ನ ಸುಳ್ಳಿಗೂ ಒಂದು ಹದ್ದು ಇದೆ.

ಊರ ಹೊರಗೆ ಇಳಿದು ಸಣ್ಣ ಬಸ್ಸು ಹತ್ತಿದೆವು. ಆ ಊರಿನ ರಸ್ತೆಗಳು ಅರ್ಧ ನೆಲದೊಳಗೆ ಇವೆ. ಬಸ್ಸು ಸುರಂಗದೊಳಗೆ ನಿಲ್ಲುತ್ತದೆ, ಮೆಟ್ಟಿಲು ಹತ್ತಿ ಮೇಲೆ ಬಂದರೆ ಊರು. ಹೋದ ಸಲ ಯಾವ ಮೆಟ್ಟಿಲು ಹತ್ತಿದ್ದೆವು? ಇಬ್ಬರಿಗೂ ನೆನಪಿಲ್ಲ. ಒಂದು ಹತ್ತಿದೆವು, ಊರು ಬೇರೆಯಾಗಿತ್ತು. ಇಳಿದು ಇನ್ನೊಂದು ಹತ್ತಿದೆವು, ಇನ್ನೂ ಬೇರೆ ಊರು. ಮೂರನೆಯದು ಹತ್ತಿದರೆ ಮೊದಲಿನ ಜಾಗಕ್ಕೇ ಬಂದಿದ್ದೆವು, ಈ ಸಲ ಹಿಂದುಗಡೆಯಿಂದ.

“ಗುರುತು ಏನ್ ಇಟ್ಟಿದ್ದಿ?” ಅಂತ ಕೇಳಿದೆ.

“ಪಕ್ಕಾ ಗುರುತು ಇಟ್ಟೀನಿ ಉಸ್ತಾದ್. ಹಳದಿ ಮನಿ, ಮುಂದ ನಾಯಿ ಮಲಗ್ಯಾದ.”

ಗುಡ್ಡದ ತುಂಬ ಹಳದಿ ಮನೆಗಳು. ಬಿಸಿಲು ಬಿದ್ದ ಮೇಲೆ ಪ್ರತಿ ಬಾಗಿಲಿಗೂ ಒಂದು ನಾಯಿ ಮಲಗಿತ್ತು.

“ಅದು ಯಾವ ನಾಯಿ?”

ವೈರ್‌ಮನ್ ಒಂದೊಂದೇ ನಾಯಿಯ ಹತ್ತಿರ ಕೂತು ಮುಖ ನೋಡಿದ. “ಇದು ಇರಬಹುದು,” ಅಂದ ಕಡೆಗೆ. “ಆದ್ರ ಅದು ನಮ್ಮನ್ನ ಗುರುತು ಹಿಡೀವಲ್ದು.”

ಓಣಿ

ಇನ್ನು ಬಾಗಿಲು ಬಾಗಿಲು ಕೇಳುವುದೊಂದೇ ದಾರಿ. ಮೊದಲನೇ ಬಾಗಿಲಲ್ಲಿ ಒಬ್ಬಾಕೆಗೆ ಡಬ್ಬಿ ತೋರಿಸಿ, ನಿಮ್ಮದೇನು ಅಂತ ಸನ್ನೆ ಮಾಡಿದೆ. ಆಕೆ ಒಳಗೆ ಹೋಗಿ ಅಂಥದ್ದೇ ನೀಲಿ ಡಬ್ಬಿ ತಂದು ತೋರಿಸಿದಳು. ಪಕ್ಕದ ಮನೆಯಲ್ಲೂ ಒಂದು ಇತ್ತು. ನಮ್ಮಲ್ಲಿ ಸ್ಟೀಲ್ ಡಬ್ಬಿ ಇದ್ದಹಾಗೆ ಅಲ್ಲಿ ಮನೆಮನೆಗೂ ಅದೇ.

ಆಕೆ ನನ್ನ ಡಬ್ಬಿಯ ಮುಚ್ಚಳ ತೆಗೆದಳು. ತುಪ್ಪದ ವಾಸನೆ ಓಣಿಗೆ ಬಿತ್ತು. ಮಾರಲಿಕ್ಕೆ ಬಂದಿದ್ದಾರೆ ಅಂದುಕೊಂಡಳೋ, ಹಂಚಲಿಕ್ಕೆ ಅಂದುಕೊಂಡಳೋ, ಒಂದು ಹೋಳಿಗೆ ತೆಗೆದುಕೊಂಡಳು. ಬೇಡ ಅನ್ನುವುದು ಹ್ಯಾಗೆ? ತಿಂದಳು, ಒಳಗೆ ಹೋದಳು, ಒಂದು ಪೇರಲಹಣ್ಣು ತಂದು ಡಬ್ಬಿಗೆ ಹಾಕಿದಳು. ಪಕ್ಕದ ಮನೆಯಾತ ಎರಡು ತೆಗೆದುಕೊಂಡು ಒಂದು ಮುಷ್ಟಿ ಹುರಿದ ಶೇಂಗಾ ಹಾಕಿದ. ಮುಂದಿನ ಮನೆಯಲ್ಲಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಬಿಸಿ ಕಡುಬು ಬಂತು. ಅದರ ಮುಂದಿನದರಲ್ಲಿ ಬೆಲ್ಲದಲ್ಲಿ ಬೇಯಿಸಿದ ಕುಂಬಳಕಾಯಿ. ಆ ಓಣಿಯವರಿಗೂ ನನ್ನ ಹೆಂಡತಿಯದೇ ರೋಗ, ಬರಿದು ಬಿಡುವವರಲ್ಲ.

“ಉಸ್ತಾದ್,” ವೈರ್‌ಮನ್‌ನ ದನಿ ಸಣ್ಣದಾಯಿತು, “ವೈನಿ ಹೋಳಿಗಿ ಮುಗೀಲಿಕತ್ತಾವ.”

ನೋಡಿದರೆ ಒಂದೇ ಒಂದು ಉಳಿದಿತ್ತು. ಅಜ್ಜಿಗೆ ಹೋಳಿಗೆ ಮುಟ್ಟದೆ ಊರಿಗೆ ಹೋದರೆ ಜನ್ಮಪೂರ್ತಿ ಕ್ಯಾಂಟೀನು. ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಷ್ಟೊತ್ತಿಗೆ ನಮ್ಮ ಹಿಂದೆ ಸಣ್ಣ ಮೆರವಣಿಗೆ ಆಗಿತ್ತು. ತಿಂದವರು, ತಿನ್ನಬೇಕಾದವರು, ಸುಮ್ಮನೆ ಬಂದವರು. ಎಲ್ಲರ ಹಿಂದೆ ಒಬ್ಬಾಕೆ ತಟ್ಟೆ ಹಿಡಿದುಕೊಂಡು, ನಮಗೂ ಒಂದು ಹಾಕಿ ಅನ್ನುವ ಹಾಗೆ ಮುಂದೆ ಮುಂದೆ ನೂಕಿಕೊಂಡು ಬಂದಳು.

ಅಜ್ಜಿ. ನಾವು ಹುಡುಕುತ್ತಿದ್ದ ಅದೇ ಅಜ್ಜಿ, ಮೊದಲನೇ ಬಾಗಿಲಿನಿಂದಲೂ ನಮ್ಮ ಹಿಂದೆಯೇ ಇದ್ದಿರಬೇಕು.

ನಮ್ಮ ಮುಖ ಆಕೆಗೆ ಗುರುತು ಸಿಗಲಿಲ್ಲ. ವೈರ್‌ಮನ್ ಕೋಳಿಯ ಸದ್ದು ಮಾಡಿದ, ಹಂದಿಯ ಸದ್ದು ಮಾಡಿದ. ಅಜ್ಜಿ ತಟ್ಟೆ ಬಿಟ್ಟು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಡಬ್ಬಿಯ ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿ, ನನ್ನದೇ ಅನ್ನುವ ಹಾಗೆ ಎದೆಗೆ ಅವಚಿಕೊಂಡಳು. ತೆರೆದು ನೋಡಿದಳು. ಕಡುಬು ಮೂಸಿ ಒಂದು ಮನೆ ತೋರಿಸಿದಳು, ಕುಂಬಳಕಾಯಿ ನೋಡಿ ಇನ್ನೊಂದು ಮನೆ ತೋರಿಸಿದಳು. ಏಳು ಸಮುದ್ರ ದಾಟಿ ಬಂದು ಆಕೆಯ ಪಕ್ಕದ ಮನೆಗಳ ಅಡಿಗೆಯನ್ನು ಆಕೆಗೇ ತಂದುಕೊಟ್ಟಿದ್ದೆ.

ಜೇಬಿನಿಂದ ಹೋಳಿಗೆ ತೆಗೆದೆ. ಪುಡಿಯಾಗಿತ್ತು. ಅಜ್ಜಿಯ ಅಂಗೈಯಲ್ಲಿ ಹಾಕಿದೆ. ಓಣಿಯೆಲ್ಲ ಆಕೆಯ ಬಾಯಿ ನೋಡುತ್ತಿತ್ತು. ತಿಂದು, ನನ್ನ ತಲೆ ಬಗ್ಗಿಸಿ ಹಣೆಗೆ ಮುತ್ತು ಕೊಟ್ಟಳು. ನನಗೆ ಎಣ್ಣೆಗಾಯಿಯ ವಾಸನೆ ಬಂದ ಹಾಗಾಯಿತು.

ಡಬ್ಬಿ ಕೊಟ್ಟು, ಕೈ ಬೀಸಿಕೊಂಡು ಸುರಂಗಕ್ಕೆ ಇಳಿದು ಸಣ್ಣ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆವು. ಬಸ್ಸು ತುಂಬಿತ್ತು. ಹೊರಟಿತು ಅನ್ನುವಾಗ ಮುಂದಿನ ಬಾಗಿಲಿನಿಂದ ಏನೋ ಒಂದು ಮಂದಿಯ ತಲೆಗಳ ಮೇಲೆ ತೇಲುತ್ತ, ಕೈಯಿಂದ ಕೈಗೆ ದಾಟುತ್ತ ಬರತೊಡಗಿತು. ನೀಲಿ ಬಣ್ಣ, ಬಿಳಿ ಚುಕ್ಕಿ.

“ಉಸ್ತಾದ್, ಮುಟ್ಟಬ್ಯಾಡ್ರಿ,” ಅಂದ ವೈರ್‌ಮನ್.

ಮುಟ್ಟಲಿಲ್ಲ. ಮುಂದಿನ ಸೀಟಿನವನು ಅದನ್ನು ನನ್ನ ತೊಡೆಯ ಮೇಲೆ ಇಟ್ಟ. ಭಾರವಾಗಿತ್ತು. ಕಿಟಕಿಯ ಹೊರಗೆ ಅಜ್ಜಿ ಏದುಸಿರು ಬಿಡುತ್ತ ಕೈ ಬೀಸುತ್ತಿದ್ದಳು.

ತೀರ್ಪು

ಮನೆಗೆ ಬಂದು ಡಬ್ಬಿಯನ್ನು ಹೆಂಡತಿಯ ಮುಂದೆ ಇಟ್ಟು ಗೋಡೆಗೆ ಆತು ನಿಂತೆ. ತೆರೆದಳು. ಹುಣಸೇಹಣ್ಣು, ಸಕ್ಕರೆ, ಖಾರ, ಉಪ್ಪು ಕುಟ್ಟಿ ಕಟ್ಟಿದ ಉಂಡೆಗಳು. ಒಂದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ಚಿಗಳಿ ಇದು,” ಅಂದಳು. “ನಮ್ಮವ್ವ ಮಾಡಿದಂಗೇ ಅದ.”

ಗೆದ್ದೆ ಅಂದುಕೊಂಡೆ. “ಹೋಳಿಗಿ ಆಕಿ ಕೈಯಾಗೇ ಕೊಟ್ಟೀನಿ. ಖರೇನೂ ಕೊಟ್ಟೀನಿ. ಇನ್ನರ ನನ್ನ ಡಬ್ಬಿ...”

ಆಕೆ ಬೆರಳು ಚೀಪಿ, ಉಂಡೆಗಳನ್ನು ಬೇರೆ ಪಾತ್ರೆಗೆ ಸುರುವಿ, ನೀಲಿ ಡಬ್ಬಿಯನ್ನು ತೊಳೆದು ಒರೆಸಿ, ಅದೇ ಹಲಗೆಯ ಮೇಲೆ ಇಟ್ಟಳು.

“ಎಷ್ಟು ದೊಡ್ಡ ಮನಸಿನಾಕಿ ಪಾಪ,” ಅಂದಳು. “ಈ ಸಲ ಕರ್ಚಿಕಾಯಿ ಮಾಡಿ ಕೊಡ್ತೀನಿ. ಯಾವಾಗ ಹೋಗ್ತೀರಿ?”

ಕಂಪನಿಯವರು ಇನ್ನು ಯಾರನ್ನೂ ಕಳಿಸುವುದಿಲ್ಲವಂತೆ. ಇಟ್ಟಂಗಿ ಕಲಿತಾಯಿತು.

ಅದಕ್ಕೇ ನೋಡ್ರಿ, ಊಟದ ಹೊತ್ತಿನಲ್ಲಿ ವಾಡಿಯ ಈ ಚಾದಂಗಡಿಯಲ್ಲಿ ನಿಮ್ಮ ಎದುರಿಗೆ ಕೂತಿದ್ದೇನೆ. ವಿಮಾನದ ರೊಕ್ಕ ನಾನೇ ಕೂಡಿಹಾಕಲಿಕತ್ತೀನಿ, ಜೇಬು ಮುಟ್ಟುವಂಗಿಲ್ಲ. ಈ ನನ್ನ ಚಾದ ಕಪ್ಪು ಖಾಲಿಯಾಗಿದೆ. ತುಂಬಿ ಬಂದದ್ದನ್ನ ಬರಿದು ತಿರುಗಿ ಕೊಡಬಾರದು ಅಂತ ಇಷ್ಟೊತ್ತು ಹೇಳಿದೆನಲ್ಲ, ನೀವು ತಿಳಿದವರು. ಅದರೊಳಗೆ ಚಾದ ರೊಕ್ಕ ಹಾಕಿ ಆ ಅಂಗಡಿಯವನ ಕೈಗೆ ಕೊಟ್ಟುಬಿಡ್ರಿ.